ಒಂದು ಮಂಚದಿಂದ ಶುರುವಾದ ಆಸ್ಪತ್ರೆ: ವೆಲ್ಲೂರಿನ ಡಾ. ಐಡಾ ಸ್ಕಡರ್

ವೆಲ್ಲೂರು ಆಸ್ಪತ್ರೆಯ ಹೆಸರು ಕೇಳದವರು ಕಡಿಮೆ. ಊರಿನ ಡಾಕ್ಟ್ರು ಕೈಚೆಲ್ಲಿದ ಮೇಲೆ ಕೊನೆಯ ಭರವಸೆಯೆಂದು ಅಲ್ಲಿಗೆ ರೈಲು ಹತ್ತುವವರು ಇವತ್ತಿಗೂ ಇದ್ದಾರೆ. ಆದರೆ ಅದು ಶುರುವಾದದ್ದು ಒಂದೇ ಒಂದು ಮಂಚದಿಂದ. ಅದನ್ನು ಹಾಕಿದವರು ಡಾ. ಐಡಾ ಸ್ಕಡರ್.

1870ರ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಹುಟ್ಟಿದ ಐಡಾ ಅಮೆರಿಕನ್ ಮಿಷನರಿ ಕುಟುಂಬದವರು. ಅಜ್ಜ ಡಾಕ್ಟ್ರು, ಅಪ್ಪನೂ ಡಾಕ್ಟ್ರು. ಐಡಾಗೆ ಮಾತ್ರ ಆ ಬದುಕು ಬೇಡವಾಗಿತ್ತು. ಅಮೆರಿಕದಲ್ಲಿ ಓದಿ, ಅಲ್ಲೇ ನೆಲೆಸುವ ಆಸೆ. ತಾಯಿಗೆ ಹುಷಾರಿಲ್ಲವೆಂದು ತಿಂಡಿವನಂಗೆ ಬಂದಾಗಲೂ ಮರಳಿ ಹೋಗುವ ಲೆಕ್ಕಾಚಾರದಲ್ಲೇ ಇದ್ದರು.

ಅಲ್ಲಿ ಒಂದು ರಾತ್ರಿ ಒಬ್ಬರ ಹಿಂದೆ ಒಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಇಬ್ಬರು ಹಿಂದೂಗಳು, ಒಬ್ಬ ಮುಸ್ಲಿಂ. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಅಪ್ಪನನ್ನು ಕರೆದುಕೊಂಡು ಹೋಗಿ ಎಂದು ಐಡಾ ಹೇಳಿದರೂ ಯಾರೂ ಒಪ್ಪಲಿಲ್ಲ. ಪರಗಂಡಸು ಬಾಣಂತಿ ಕೋಣೆಗೆ ಕಾಲಿಡುವಂತಿರಲಿಲ್ಲ. ಐಡಾಗೋ ವೈದ್ಯ ವಿದ್ಯೆ ಗೊತ್ತಿರಲಿಲ್ಲ. ಬೆಳಗಾಗುವಾಗ ಮೂವರು ಹೆಂಗಸರೂ ತೀರಿಹೋಗಿದ್ದರು. ಹತ್ತಿರದಲ್ಲೇ ಡಾಕ್ಟ್ರಿದ್ದರು, ಮದ್ದೂ ಇತ್ತು. ಇಲ್ಲದ್ದು ಒಬ್ಬ ಲೇಡಿ ಡಾಕ್ಟರ್ ಮಾತ್ರ.

ಐಡಾ ಅಮೆರಿಕಕ್ಕೆ ಹೋದರು, ಆದರೆ ವೈದ್ಯಕೀಯ ಕಲಿಯಲು. 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು. ಕೆಲವೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಧೈರ್ಯಗೆಡದೆ ಮನೆಯಲ್ಲೇ ಒಂದು ಮಂಚ ಹಾಕಿ ಹೆಂಗಸರಿಗೆ ಮದ್ದು ಕೊಡತೊಡಗಿದರು. ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕರ್ ಪತ್ನಿಯ ನೆನಪಿಗೆ ಕೊಟ್ಟಿದ್ದ 10,000 ಡಾಲರಿನಿಂದ 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ಎದ್ದಿತು. ಆಸ್ಪತ್ರೆಗೆ ಬರಲಾಗದವರಿಗಾಗಿ ಹಳ್ಳಿ ದಾರಿಯಲ್ಲಿ, ಮರದ ನೆರಳಲ್ಲಿ ನಿಂತು ಮದ್ದು ಕೊಟ್ಟರು.

ಆದರೆ ಒಬ್ಬ ಡಾಕ್ಟ್ರು ಎಷ್ಟು ಮನೆಗೆ ಓಡಲು ಸಾಧ್ಯ? ಇಲ್ಲಿನ ಹೆಣ್ಮಕ್ಕಳೇ ಕಲಿಯಬೇಕು ಎಂಬುದು ಅವರ ಹಟ. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಮಕ್ಕಳ ವೈದ್ಯಕೀಯ ಶಾಲೆ ಶುರುವಾದವು. ಮೂರು ಅರ್ಜಿ ಬಂದರೆ ಹೆಚ್ಚು ಎಂದುಕೊಂಡಿದ್ದ ಸರಕಾರಿ ಅಧಿಕಾರಿಗೆ ಅಚ್ಚರಿಯಾಗುವಂತೆ 151 ಅರ್ಜಿ ಬಂದವು. ಮೊದಲ ವರ್ಷದ ಪರೀಕ್ಷೆಗೆ ಕೂತ 14 ಹುಡುಗಿಯರೂ ಪಾಸಾದರು.

ಮದುವೆಯಾಗದೆ ವೆಲ್ಲೂರಿಗಾಗಿ ದುಡಿದ ಐಡಾ, 1960ರ ಮೇ ತಿಂಗಳಲ್ಲಿ ಕೊಡೈಕೆನಾಲಿನಲ್ಲಿ 89ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅಷ್ಟರಲ್ಲಿ ಆ ಮೂರು ಮನೆಗಳಲ್ಲಿ ಇಲ್ಲದೇ ಹೋದ ಲೇಡಿ ಡಾಕ್ಟರ್ ನೂರಾರು ಊರುಗಳಲ್ಲಿ ಇದ್ದಳು.