ಕುಷ್ಠರೋಗದ ಕಾರಣ ಕಂಡ ವೈದ್ಯ

ಕುಷ್ಠರೋಗವು ಮನುಷ್ಯನಿಗೆ ಎರಡು ಬಗೆಯ ನೋವನ್ನು ತಂದ ವ್ಯಾಧಿ. ಚರ್ಮದ ಮೇಲೆ ಮಚ್ಚೆಗಳೂ ಗಂಟುಗಳೂ ಮೂಡಿ, ನರಗಳು ಕೆಟ್ಟು, ಕೈಕಾಲುಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದು ಒಂದು. ಇದು ಪಾಪದ ಫಲವೆಂದೋ ವಂಶದ ಕಳಂಕವೆಂದೋ ಬಗೆದು ರೋಗಿಯನ್ನು ಮನೆಯಿಂದಲೂ ಊರಿನಿಂದಲೂ ದೂರವಿಡುತ್ತಿದ್ದುದು ಇನ್ನೊಂದು. ಮೊದಲನೆಯದು ರೋಗ ಕೊಟ್ಟ ನೋವು. ಎರಡನೆಯದು ಜನ ಕೊಟ್ಟ ನೋವು. ಈ ರೋಗದ ನಿಜವಾದ ಕಾರಣವನ್ನು ಮೊದಲು ಕಂಡವನು ನಾರ್ವೆ ದೇಶದ ವೈದ್ಯನಾದ ಗೆರ್ಹಾರ್ಡ್ ಆರ್ಮೌರ್ ಹ್ಯಾನ್ಸನ್.

ಹ್ಯಾನ್ಸನ್ನನು 1841ರ ಜುಲೈ 29ರಂದು ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ನಗರದಲ್ಲಿ ಜನಿಸಿದನು. ತಂದೆತಾಯಿಗಳ ಹದಿನೈದು ಮಕ್ಕಳಲ್ಲಿ ಅವನು ಎಂಟನೆಯವನು. ತಂದೆಯು ವ್ಯಾಪಾರದಲ್ಲಿ ದಿವಾಳಿಯಾದುದರಿಂದ ಬಾಲಕನು ಬಡತನದ ಕಹಿಯನ್ನು ಉಣ್ಣಬೇಕಾಯಿತು. ರಾಜಧಾನಿಯಾದ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋ ನಗರದಲ್ಲಿ, ಪಾಠ ಹೇಳಿ ಹಣ ಸಂಪಾದಿಸುತ್ತ ವೈದ್ಯವಿದ್ಯೆಯನ್ನು ಕಲಿತು 1866ರಲ್ಲಿ ಪದವಿಯನ್ನು ಪಡೆದನು. ಉತ್ತರದ ಲೋಫೋಟೆನ್ ದ್ವೀಪಗಳ ಮೀನುಗಾರರ ನಡುವೆ ಕೆಲವು ಕಾಲ ಸೇವೆ ಸಲ್ಲಿಸಿ, 1868ರಲ್ಲಿ ತವರೂರಿಗೆ ಮರಳಿ ಕುಷ್ಠರೋಗಿಗಳ ಆಸ್ಪತ್ರೆಯನ್ನು ಸೇರಿದನು.

ಆ ಕಾಲದಲ್ಲಿ ಪಶ್ಚಿಮ ನಾರ್ವೆಯಲ್ಲಿ ಕುಷ್ಠರೋಗವು ವಿಪರೀತವಾಗಿತ್ತು. 1856ರಿಂದ ಅಲ್ಲಿನ ಸರ್ಕಾರವು ದೇಶದ ಕುಷ್ಠರೋಗಿಗಳೆಲ್ಲರ ಹೆಸರನ್ನು ದಾಖಲೆ ಮಾಡಿಸತೊಡಗಿತು. ಆಗ ಲೆಕ್ಕಕ್ಕೆ ಸಿಕ್ಕ ರೋಗಿಗಳ ಸಂಖ್ಯೆ 2,800ಕ್ಕೂ ಹೆಚ್ಚು. ಬರ್ಗೆನ್ ನಗರವೊಂದರಲ್ಲೇ ಅವರಿಗಾಗಿ ಮೂರು ಆಸ್ಪತ್ರೆಗಳಿದ್ದವು. ಅಲ್ಲಿನ ಹಿರಿಯ ವೈದ್ಯನಾದ ಡೇನಿಯಲ್‌ಸನ್ ಈ ರೋಗದ ಲಕ್ಷಣಗಳನ್ನು ಕುರಿತು 1847ರಲ್ಲಿಯೇ ಮತ್ತೊಬ್ಬ ವೈದ್ಯನೊಡನೆ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದ್ದನು. ಕುಷ್ಠರೋಗವು ವಂಶದಿಂದ ಬರುವುದೇ ಹೊರತು ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ ಎಂಬುದು ಅವನ ಮತ. ಇದನ್ನು ಪರೀಕ್ಷಿಸಲು ರೋಗಿಗಳ ಗಂಟಿನ ದ್ರವವನ್ನು ಅವನು ತನ್ನ ಮೈಗೇ ಚುಚ್ಚಿಕೊಂಡಿದ್ದನು. ರೋಗ ತಗಲಲಿಲ್ಲ, ಅವನ ಮತ ಇನ್ನಷ್ಟು ಗಟ್ಟಿಯಾಯಿತು.

ಹ್ಯಾನ್ಸನ್ನನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅವನು ಹಳ್ಳಿಹಳ್ಳಿಗೆ ಹೋಗಿ ಯಾವ ಮನೆಯಲ್ಲಿ ಯಾರಿಗೆ ರೋಗ ಬಂದಿದೆ, ಅವರು ಯಾರ ಒಡನಾಟದಲ್ಲಿದ್ದರು ಎಂಬುದನ್ನು ವಿಚಾರಿಸಿದನು. ರೋಗ ಹರಡಿದ ರೀತಿಯು ವಂಶಪಾರಂಪರ್ಯಕ್ಕಿಂತ ಸೋಂಕಿಗೇ ಹೆಚ್ಚು ಹೊಂದುತ್ತದೆಂದು ಅವನಿಗೆ ತೋರಿತು. ಹಾಗಾದರೆ ಸೋಂಕನ್ನು ಒಯ್ಯುವ ವಸ್ತು ಯಾವುದು? ರೋಗಿಗಳ ಚರ್ಮದ ಗಂಟುಗಳಿಂದ ತೆಗೆದ ಅಂಶವನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವನ ನಿತ್ಯದ ಕಾಯಕವಾಯಿತು. 1873ರ ಫೆಬ್ರವರಿ 28ರಂದು ಅವನ ಕಣ್ಣಿಗೆ ಕಡ್ಡಿಯಾಕಾರದ ಸೂಕ್ಷ್ಮಕಾಯಗಳು ಬಿದ್ದವು. ಒಂದು ಸೂಕ್ಷ್ಮಜೀವಿಯು ಮನುಷ್ಯನಿಗೆ ದೀರ್ಘರೋಗವನ್ನು ತರಬಲ್ಲದೆಂಬುದಕ್ಕೆ ದೊರೆತ ಮೊದಲ ಸುಳಿವುಗಳಲ್ಲಿ ಇದೂ ಒಂದು.

ಅದೇ ವರ್ಷ ಅವನ ಬಾಳಿನಲ್ಲಿ ಹರ್ಷವೂ ದುಃಖವೂ ಒಟ್ಟಿಗೆ ಬಂದವು. ಜನವರಿಯಲ್ಲಿ ಡೇನಿಯಲ್‌ಸನ್ನನ ಮಗಳನ್ನೇ ಅವನು ಮದುವೆಯಾಗಿದ್ದನು. ಅಕ್ಟೋಬರ್ ತಿಂಗಳಲ್ಲಿ ಆಕೆ ಕ್ಷಯರೋಗದಿಂದ ತೀರಿಕೊಂಡಳು. ದುಃಖವನ್ನು ನುಂಗಿಕೊಂಡು ಹ್ಯಾನ್ಸನ್ನನು 1874ರಲ್ಲಿ ತನ್ನ ಸಂಶೋಧನೆಯ ವರದಿಯನ್ನು ಪ್ರಕಟಿಸಿದನು. ಮರುವರ್ಷ ಸರ್ಕಾರವು ಅವನನ್ನು ಇಡೀ ದೇಶದ ಕುಷ್ಠರೋಗ ವೈದ್ಯಾಧಿಕಾರಿಯನ್ನಾಗಿ ನೇಮಿಸಿತು.

ಆದರೆ ರೋಗಾಣುವನ್ನು ಕಂಡುದಷ್ಟೇ ಸಾಲದು. ಅದೇ ರೋಗಕ್ಕೆ ಕಾರಣವೆಂದು ಸಿದ್ಧಪಡಿಸಬೇಕಾಗಿತ್ತು. ಪ್ರಯೋಗಶಾಲೆಯಲ್ಲಿ ಆ ರೋಗಾಣುವು ಬೆಳೆಯಲಿಲ್ಲ. ಪ್ರಾಣಿಗಳಿಗೂ ರೋಗವನ್ನು ಅಂಟಿಸಲಾಗಲಿಲ್ಲ. 1879ರಲ್ಲಿ ಜರ್ಮನಿಯ ತರುಣ ವಿಜ್ಞಾನಿ ನೈಸರ್ ಬರ್ಗೆನ್ನಿಗೆ ಬಂದಾಗ ಹ್ಯಾನ್ಸನ್ನನು ಉದಾರವಾಗಿ ಅವನಿಗೆ ರೋಗದ ಮಾದರಿಗಳನ್ನು ಕೊಟ್ಟನು. ನೈಸರ್ ಅವಕ್ಕೆ ಬಣ್ಣ ಹಾಕಿ ರೋಗಾಣುಗಳನ್ನು ಸ್ಪಷ್ಟವಾಗಿ ಕಂಡು, ಶೋಧನೆಯ ಕೀರ್ತಿ ತನ್ನದೆಂಬಂತೆ ಪ್ರಕಟಿಸಿದನು. ವರ್ಷಗಳ ಪರಿಶ್ರಮವು ಕೈಜಾರುವಂತೆ ಹ್ಯಾನ್ಸನ್ನನಿಗೆ ಕಂಡಿರಬೇಕು.

ಅದೇ ವರ್ಷದ ನವೆಂಬರಿನಲ್ಲಿ ಅವನು ತನ್ನ ಬಾಳಿನ ದೊಡ್ಡ ತಪ್ಪನ್ನು ಮಾಡಿದನು. ಆಸ್ಪತ್ರೆಯಲ್ಲಿದ್ದ ಒಬ್ಬ ರೋಗಿ ಹೆಂಗಸಿನ ಕಣ್ಣನ್ನು, ಮತ್ತೊಬ್ಬ ರೋಗಿಯ ಗಂಟಿನಲ್ಲಿ ಅದ್ದಿದ ಶಸ್ತ್ರದಿಂದ ಚುಚ್ಚಿದನು. ಆಕೆಗೆ ಮೊದಲೇ ಬೇರೊಂದು ಬಗೆಯ ಕುಷ್ಠವಿತ್ತು. ಈ ಬಗೆಯದೂ ಅಂಟುವುದೋ ಎಂದು ನೋಡುವುದು ಅವನ ಉದ್ದೇಶ. ಹೊಸದಾಗಿ ರೋಗವೇನೂ ತಲೆದೋರಲಿಲ್ಲ. ಆದರೆ ಅವನು ಆಕೆಯ ಒಪ್ಪಿಗೆಯನ್ನು ಕೇಳಿರಲಿಲ್ಲ. ಆ ಹೆಂಗಸು ಬಡವಳು. ಹೋಗಲು ಬೇರೆ ನೆಲೆಯಿಲ್ಲದೆ ಆಸ್ಪತ್ರೆಯಲ್ಲಿದ್ದವಳು. ಆದರೂ ಆಕೆ ಸುಮ್ಮನಾಗಲಿಲ್ಲ. ಆಕೆಯ ದೂರು ನ್ಯಾಯಾಲಯದವರೆಗೆ ಹೋಯಿತು. ಒಪ್ಪಿಗೆ ಪಡೆಯಲಿಲ್ಲವೆಂಬುದನ್ನು ಹ್ಯಾನ್ಸನ್ನನು ಅಡಗಿಸಲಿಲ್ಲ. 1880ರಲ್ಲಿ ನ್ಯಾಯಾಲಯವು ಅವನು ತಪ್ಪಿತಸ್ಥನೆಂದು ತೀರ್ಮಾನಿಸಿ, ಆಸ್ಪತ್ರೆಯ ವೈದ್ಯಪದವಿಯಿಂದ ಅವನನ್ನು ತೆಗೆದುಹಾಕಿತು. ದೇಶದ ಕುಷ್ಠರೋಗ ವೈದ್ಯಾಧಿಕಾರಿಯ ಹುದ್ದೆ ಮಾತ್ರ ಉಳಿಯಿತು. ಡೇನಿಯಲ್‌ಸನ್ ತನ್ನ ಮೈಯನ್ನೇ ಚುಚ್ಚಿಕೊಂಡು ತಪ್ಪಾದ ತೀರ್ಮಾನಕ್ಕೆ ಬಂದಿದ್ದನು. ಹ್ಯಾನ್ಸನ್ನನ ತೀರ್ಮಾನ ಸರಿಯಾಗಿದ್ದಿತು, ಆದರೆ ಅವನು ಹಿಡಿದ ದಾರಿ ತಪ್ಪಾಗಿದ್ದಿತು. ಸತ್ಯಶೋಧನೆಯ ಹಂಬಲವು ಎಷ್ಟೇ ದೊಡ್ಡದಾದರೂ, ಬಡರೋಗಿಯ ದೇಹದ ಮೇಲೆ ಅದಕ್ಕೆ ಅಧಿಕಾರವಿಲ್ಲವೆಂಬುದನ್ನು ಆ ತೀರ್ಪು ಸಾರಿತು.

ಅವಮಾನದಿಂದ ಹ್ಯಾನ್ಸನ್ನನು ಕುಗ್ಗಿ ಕೂರಲಿಲ್ಲ. ರೋಗವು ಸೋಂಕಿನಿಂದ ಬರುವುದಾದರೆ ಸೋಂಕನ್ನು ತಡೆಯಬೇಕೆಂದು ಅವನು ವಾದಿಸಿದನು. 1877ರಲ್ಲಿಯೂ 1885ರಲ್ಲಿಯೂ ನಾರ್ವೆಯಲ್ಲಿ ಅದಕ್ಕಾಗಿ ಕಾನೂನುಗಳಾದವು. ರೋಗಿಯು ಮನೆಯಲ್ಲಿ ಪ್ರತ್ಯೇಕ ಕೋಣೆಯಲ್ಲಿರಬೇಕು, ಇಲ್ಲವೆ ಆಸ್ಪತ್ರೆಯನ್ನು ಸೇರಬೇಕು ಎಂಬುದು ನಿಯಮ. ಔಷಧವಿಲ್ಲದ ಆ ಕಾಲದಲ್ಲಿ ರೋಗಿಗಳಿಗೆ ಇದು ಕಠಿನವಾದ ಕಟ್ಟಳೆಯಾಗಿತ್ತು. 1888ರಲ್ಲಿ ಹ್ಯಾನ್ಸನ್ನನು ಅಮೆರಿಕಕ್ಕೆ ಹೋಗಿ, ಅಲ್ಲಿಗೆ ವಲಸೆ ಹೋಗಿದ್ದ ನಾರ್ವೆಯ ಕುಷ್ಠರೋಗಿಗಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ನೋಡಿದನು. ಅವರಲ್ಲಿ ರೋಗವು ಕಾಣಲಿಲ್ಲ. ವಂಶದ ಕಳಂಕವೆಂಬ ಮಾತಿಗೆ ಇದು ಬಲವಾದ ಉತ್ತರವಾಯಿತು. ಶತಮಾನದ ಕೊನೆಯ ವೇಳೆಗೆ ನಾರ್ವೆಯ ರೋಗಿಗಳ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿದಿತ್ತು.

ಕೀರ್ತಿಯೂ ಕೊನೆಗೆ ಅವನನ್ನು ಅರಸಿಕೊಂಡು ಬಂದಿತು. 1901ರಲ್ಲಿ ಬರ್ಗೆನ್ನಿನಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು. 1909ರಲ್ಲಿ ಅದೇ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನಕ್ಕೆ ಅವನೇ ಅಧ್ಯಕ್ಷನಾದನು. 1912ರ ಫೆಬ್ರವರಿ 12ರಂದು, ಕರ್ತವ್ಯದ ಮೇಲೆ ಸಂಚಾರದಲ್ಲಿದ್ದಾಗಲೇ, ಫ್ಲೋರೋ ಎಂಬ ಊರಿನಲ್ಲಿ ಅವನು ಕೊನೆಯುಸಿರೆಳೆದನು.

ಹ್ಯಾನ್ಸನ್ನನ ಕಾಲದಲ್ಲಿ ಈ ರೋಗಕ್ಕೆ ಮದ್ದಿರಲಿಲ್ಲ. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಸೂಚಿಸಿತು. ಮೈಮೇಲೆ ಮಾಸಲು ಬಣ್ಣದ ಇಲ್ಲವೆ ಕೆಂಪಾದ ಮಚ್ಚೆಯಿದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ, ಅದನ್ನು ಕುಷ್ಠದ ಚಿಹ್ನೆಯೆಂದು ವೈದ್ಯರು ಗುರುತಿಸುತ್ತಾರೆ. ಬೇಗ ತೋರಿಸಿಕೊಂಡರೆ ಆರು ತಿಂಗಳು ಅಥವಾ ಒಂದು ವರ್ಷದ ಔಷಧದಿಂದ ಗುಣವಾಗುತ್ತದೆ, ಅಂಗವಿಕಲತೆಯನ್ನೂ ತಪ್ಪಿಸಬಹುದು. ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧವು ಉಚಿತವಾಗಿ ದೊರೆಯುತ್ತದೆ. ಚಿಕಿತ್ಸೆ ಪಡೆಯುತ್ತಿರುವವರನ್ನು ದೂರವಿಡುವ ಅಗತ್ಯವೂ ಇಲ್ಲ.

ಕುಷ್ಠವನ್ನು ಈಗ ಹ್ಯಾನ್ಸನ್ನನ ರೋಗವೆಂದೂ ಕರೆಯುವುದುಂಟು. ಶಾಪವೆಂದು ಜನ ಅಂಜುತ್ತಿದ್ದುದು ಒಂದು ರೋಗಾಣುವಿನ ಕೆಲಸವೆಂದು ಅವನು ತೋರಿಸಿಕೊಟ್ಟನು. ರೋಗಿಯೂ ನಮ್ಮಂತೆಯೇ ಮನುಷ್ಯನೆಂಬುದನ್ನು, ಅವನ ವಿರುದ್ಧವೇ ದನಿಯೆತ್ತಿದ ಆ ಬಡ ಹೆಂಗಸು ನೆನಪಿಸಿದಳು. ರೋಗದ ಕಾರಣವನ್ನು ತಿಳಿಯುವುದು ಎಷ್ಟು ಅಗತ್ಯವೋ ರೋಗಿಯನ್ನು ಗೌರವಿಸುವುದೂ ಅಷ್ಟೇ ಅಗತ್ಯ.