ದೀಪದ ಜೊತೆಗಿದ್ದ ಲೆಕ್ಕದ ಪುಸ್ತಕ

ಸೇವೆಯಲ್ಲಿದ್ದಾಗ ಒಮ್ಮೆ ಸರ್ಕಾರಿ ಆಸ್ಪತ್ರೆಯೊಂದರ ತಪಾಸಣೆಗೆ ರಾತ್ರಿ ಹೋಗಿದ್ದೆ. ರೋಗಿಯ ಬಳಿಯಿದ್ದ ಹಿರಿಯ ಶುಶ್ರೂಷಕಿಯನ್ನು ಕರೆಸಿ ದಾಸ್ತಾನು ವಹಿ ಕೇಳಿದೆ. ಎರಡು ಹೊದಿಕೆ ಕಡಿಮೆಯಿದ್ದುದಕ್ಕೆ ಲಿಖಿತ ವಿವರಣೆಯನ್ನೂ ಬಯಸಿದೆ. ಅಂದು ಸರಿಯೆನಿಸಿದ್ದ ಆ ನಡೆ, ನಿವೃತ್ತಿಯ ನಂತರ ಫ್ಲಾರೆನ್ಸ್ ನೈಟಿಂಗೇಲ್ ಅವರ ಬದುಕನ್ನು ಓದುವಾಗ ಚುಚ್ಚತೊಡಗಿತು.

1820ರಲ್ಲಿ ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಆಕೆ, ಮನೆಯವರ ವಿರೋಧವನ್ನು ಮೀರಿ ಶುಶ್ರೂಷೆಯನ್ನು ಆರಿಸಿಕೊಂಡರು. 1853ರಲ್ಲಿ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಮರುವರ್ಷ ಕ್ರಿಮಿಯಾ ಯುದ್ಧದ ವೇಳೆ 38 ಶುಶ್ರೂಷಕಿಯರೊಡನೆ ತುರ್ಕಿಯ ಸ್ಕುಟಾರಿಗೆ ತೆರಳಿದರು. ಅಲ್ಲಿನ ಸೇನಾ ಆಸ್ಪತ್ರೆಯಲ್ಲಿ ಹಾಸಿಗೆ, ಅಂಗಿ, ಸಾಬೂನು ಎಲ್ಲಕ್ಕೂ ಬರ. ಸಾಮಗ್ರಿ ಬಂದರೂ ಕಾಗದಪತ್ರದ ವಿಧಿಗಳು ಮುಗಿಯದೆ ರೋಗಿಗೆ ತಲುಪುತ್ತಿರಲಿಲ್ಲ.

ಜಗತ್ತು ನೆನಪಿಟ್ಟುಕೊಂಡದ್ದು ರಾತ್ರಿ ದೀಪ ಹಿಡಿದು ವಾರ್ಡುಗಳಲ್ಲಿ ನಡೆದ ಮಹಿಳೆಯನ್ನು. ಆದರೆ ಅದೇ ಕೈ ಖರೀದಿಯ ಪಟ್ಟಿ ಬರೆಯುತ್ತಿತ್ತು, ಬಟ್ಟೆ ಒಗೆಯುವ ವ್ಯವಸ್ಥೆ ರೂಪಿಸುತ್ತಿತ್ತು, ಯುದ್ಧ ಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ಅವರಿಗೆ ದೀರ್ಘ ವರದಿಗಳನ್ನು ಕಳಿಸುತ್ತಿತ್ತು. ಎರಡೂ ಹೊಣೆಯನ್ನು ಆಕೆ ಹೊರಲು ಸಾಧ್ಯವಾದದ್ದು ಕೇವಲ ತ್ಯಾಗದಿಂದಲ್ಲ. ಸಚಿವರ ಬೆಂಬಲವಿತ್ತು, ಪತ್ರಿಕೆಯೊಂದು ಸಂಗ್ರಹಿಸಿದ ನಿಧಿಯಿಂದ ನೇರವಾಗಿ ಖರೀದಿಸುವ ಅವಕಾಶವಿತ್ತು.

ಹಾಗಿದ್ದೂ ಸಾವು ನಿಲ್ಲಲಿಲ್ಲ. 1855ರ ಫೆಬ್ರುವರಿಯಲ್ಲಿ ಚಿಕಿತ್ಸೆಗೆ ಬಂದ ನೂರರಲ್ಲಿ ಸುಮಾರು 42 ಮಂದಿ ಸತ್ತರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ಶುದ್ಧಗೊಳಿಸಿ, ಗಾಳಿಯಾಡುವಂತೆ ಮಾಡಿದ ಬಳಿಕ ಮರಣ ಪ್ರಮಾಣ ತೀವ್ರವಾಗಿ ಕುಸಿಯಿತು. ಇದರ ಪೂರ್ಣ ಅರ್ಥ ಆಕೆಗೆ ಹೊಳೆದದ್ದು 1856ರಲ್ಲಿ ಮರಳಿದ ನಂತರ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಅಂಕಿಗಳನ್ನು ಕೂಡಿಸಿದಾಗ. ಗಾಯಕ್ಕಿಂತ ರೋಗವೇ ಹೆಚ್ಚು ಸೈನಿಕರನ್ನು ಕೊಂದಿತ್ತು. ಅಂದರೆ, ಹಾಸಿಗೆಯ ಬಳಿಯ ಎಷ್ಟೇ ದೊಡ್ಡ ಕರುಣೆಯೂ ಕೆಟ್ಟ ಆಡಳಿತದ ಎದುರು ಸೋಲುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ, ಅಂಕಿಗಳು ಇಷ್ಟು ನಿಷ್ಠುರವಾಗಿ ಮಾತನಾಡಿದ ಪ್ರಸಂಗ ಬೇರೊಂದು ನೆನಪಾಗುವುದಿಲ್ಲ.

ಮುಂದಿನ ದಶಕಗಳನ್ನು ಬಹುಪಾಲು ಅನಾರೋಗ್ಯದಲ್ಲೇ ಕಳೆದ ಆಕೆ ವಾರ್ಡಿನ ಕೆಲಸಕ್ಕೆ ಮರಳಲಿಲ್ಲ. ಕೋಣೆಯಿಂದಲೇ ವರದಿಗಳನ್ನು ಬರೆದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಒಮ್ಮೆಯೂ ಭಾರತಕ್ಕೆ ಬಾರದಿದ್ದರೂ, ಇಲ್ಲಿನ ಸೇನಾ ನೆಲೆಗಳ ನೈರ್ಮಲ್ಯ ಕುರಿತ 1863ರ ರಾಯಲ್ ಆಯೋಗದ ವರದಿಗಾಗಿ ಅವರು ಅಪಾರವಾಗಿ ದುಡಿದರು. 1910ರಲ್ಲಿ ನಿಧನರಾದರು.

ಶುಶ್ರೂಷೆ ಮತ್ತು ಆಡಳಿತ ಅವರಿಗೆ ಎರಡು ಉದ್ಯೋಗಗಳಾಗಿರಲಿಲ್ಲ. ರೋಗಿಗೆ ಬೇಕಾದ ಹೊದಿಕೆ ಸಿಗುವವರೆಗೂ ಶುಶ್ರೂಷೆ ಮುಗಿಯದು ಎಂಬುದು ಅವರ ನಿಲುವಾಗಿತ್ತು. ನಾವು ಶುಶ್ರೂಷಕಿಯರಿಗೆ ವಹಿಗಳನ್ನು ಕೊಟ್ಟೆವು, ಅಧಿಕಾರವನ್ನು ಕೊಡಲಿಲ್ಲ. ಅಂದು ನಾನು ವಿವರಣೆ ಕೇಳಿದ ಆ ಹೆಣ್ಣುಮಗಳಿಗೆ ಕಳೆದ ಹೊದಿಕೆಗೆ ಉತ್ತರಿಸುವ ಹೊಣೆಯಿತ್ತು. ಹೊಸದೊಂದನ್ನು ಕೊಳ್ಳುವ ಹಕ್ಕಿರಲಿಲ್ಲ. ಆ ಹಕ್ಕು ಇದ್ದದ್ದು ನನ್ನ ಬಳಿ. ಅದನ್ನು ಬಳಸದೆ ಸಹಿ ಹಾಕಿ ಹೊರಟುಬಂದಿದ್ದೆ.