ಅಸ್ಸಿಸಿಯ ಸಂತ ಫ್ರಾನ್ಸಿಸರ ಕುದುರೆ ಮತ್ತು ಕತ್ತೆ



ಅಕ್ಟೋಬರ್ 4ರಂದು ನಾವು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುತ್ತೇವೆ. ಹಕ್ಕಿಗಳಿಗೆ ಉಪದೇಶ ಮಾಡಿದವರು, ಕ್ರಿಸ್ತಜಯಂತಿಗೆ ಗೋದಲಿ ಕಟ್ಟಿದವರು ಎಂದು ನಮ್ಮ ಮಕ್ಕಳೂ ಅವರನ್ನು ಬಲ್ಲರು. ಯೌವನದಿಂದ ಮರಣದವರೆಗೆ ಕಾಯಿಲೆ ಅವರ ಬೆನ್ನು ಬಿಡಲಿಲ್ಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಬದುಕಿನ ಮೊದಲಲ್ಲಿ ಒಂದು ಕುದುರೆ ಇತ್ತು, ಕೊನೆಯಲ್ಲಿ ಒಂದು ಕತ್ತೆ ಇತ್ತು. ಈ ಬಾರಿ ಅದನ್ನೇ ನೆನೆಯೋಣ.

ಫ್ರಾನ್ಸಿಸರು 1182ರ ಸುಮಾರಿಗೆ ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ ಹುಟ್ಟಿದರು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಜವಳಿ ವ್ಯಾಪಾರಿ, ತಾಯಿ ಪೀಕಾ. ಕುದುರೆ ಏರಿ ಹೆಸರುವಾಸಿ ಯೋಧನಾಗಬೇಕೆಂಬುದು ಅವರ ಕನಸಾಗಿತ್ತು. 1202ರಲ್ಲಿ ನೆರೆಯ ಪೆರೂಜಾದವರೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕರು. ಸುಮಾರು ಒಂದು ವರ್ಷ ಸೆರೆಮನೆಯಲ್ಲಿದ್ದು ಮನೆಗೆ ಬಂದವರು ಬಹುಕಾಲ ಹಾಸಿಗೆ ಹಿಡಿದರು. ಕೊನೆಗೊಂದು ದಿನ ಕೋಲೂರಿಕೊಂಡು ಹೊರಗೆ ನಡೆದಾಗ, ಹಿಂದೆ ಮನಸ್ಸಿಗೆ ಮುದ ಕೊಡುತ್ತಿದ್ದ ಹೊಲ, ದ್ರಾಕ್ಷಿತೋಟ ಯಾವುದೂ ಅವರಿಗೆ ರುಚಿಸಲಿಲ್ಲ.

ಆದರೂ ಹಳೆಯ ಆಸೆ ಹೋಗಲಿಲ್ಲ. 1205ರಲ್ಲಿ ಮತ್ತೆ ಕುದುರೆ ಏರಿ ದಕ್ಷಿಣದ ಅಪೂಲಿಯಾದ ಯುದ್ಧಕ್ಕೆ ಹೊರಟರು. ಸ್ಪೊಲೇತೊ ತಲಪುವಷ್ಟರಲ್ಲಿ ಪುನಃ ಕಾಯಿಲೆ ಬಿದ್ದರು. ಒಡೆಯನನ್ನು ಬಿಟ್ಟು ಆಳಿನ ಹಿಂದೆ ಹೋಗುತ್ತಿರುವುದೇಕೆಂದು ದೇವರು ಆ ರಾತ್ರಿ ಅವರನ್ನು ಕೇಳಿದರು. ಬೆಳಗಾದಾಗ ಅವರು ಕುದುರೆಯನ್ನು ಅಸ್ಸಿಸಿಯ ಕಡೆಗೆ ತಿರುಗಿಸಿದರು.

ಊರಿನ ಬಯಲಲ್ಲಿ ಒಂದು ದಿನ ಕುದುರೆಯ ಮೇಲೆ ಹೋಗುತ್ತಿದ್ದಾಗ ಒಬ್ಬ ಕುಷ್ಠರೋಗಿ ಎದುರಾದ. ಕುಷ್ಠರೋಗಿಗಳನ್ನು ಕಂಡರೆ ಫ್ರಾನ್ಸಿಸರಿಗೆ ಮೊದಲಿನಿಂದಲೂ ಹೇಸಿಗೆ. ಕುದುರೆಯನ್ನು ಓಡಿಸಿಕೊಂಡು ಹೋಗಬಹುದಿತ್ತು. ಅವರು ಇಳಿದರು, ನಾಣ್ಯ ಕೊಟ್ಟರು, ಆ ಕೈಗೆ ಮುತ್ತಿಟ್ಟರು. ಮುಂದೆ ಕುಷ್ಠರೋಗಿಗಳ ಜೊತೆಗಿದ್ದು ಅವರ ಗಾಯ ತೊಳೆದರು. ತಾವು ಹಾಸಿಗೆ ಹಿಡಿದು ನರಳಿದವರಿಗೆ ಇನ್ನೊಬ್ಬರ ನೋವು ಅರ್ಥವಾಗಲು ಕುದುರೆಯಿಂದ ಇಳಿಯಬೇಕಾಯಿತು.

ಆಮೇಲೆ ಕುದುರೆಯೂ ಹೋಯಿತು. ಪಾಳುಬಿದ್ದ ಸಂತ ದಾಮಿಯಾನರ ಪುಟ್ಟ ದೇವಾಲಯವನ್ನು ದುರಸ್ತಿ ಮಾಡಲೆಂದು ಅಪ್ಪನ ಅಂಗಡಿಯ ಬಟ್ಟೆಗಳನ್ನು ಹೇರಿಕೊಂಡು ಫೊಲಿಞೊ ಪೇಟೆಗೆ ಹೋದರು. ಬಟ್ಟೆಯೊಂದಿಗೆ ಕುದುರೆಯನ್ನೂ ಮಾರಿ ನಡೆದುಕೊಂಡೇ ಮರಳಿದರು. ಅಪ್ಪನಿಗೆ ಸಿಟ್ಟು ಬಂತು. 1206ರಲ್ಲಿ ಧರ್ಮಾಧ್ಯಕ್ಷರ ಎದುರಿಗೇ ಫ್ರಾನ್ಸಿಸರು ಉಟ್ಟ ಬಟ್ಟೆಯನ್ನೂ ಅಪ್ಪನಿಗೆ ಒಪ್ಪಿಸಿ ಬಡತನವನ್ನು ಅಪ್ಪಿಕೊಂಡರು.

ಸಹೋದರರು ಬಂದು ಸೇರಿ ಸಭೆ ಬೆಳೆಯಿತು. 1223ರಲ್ಲಿ ವಿಶ್ವಗುರು ಮೂರನೆಯ ಹೊನೋರಿಯುಸ್ ಅದರ ನಿಯಮಾವಳಿಗೆ ಒಪ್ಪಿಗೆ ಕೊಟ್ಟರು. ಸಹೋದರರು ಕುದುರೆ ಸವಾರಿ ಮಾಡಬಾರದು ಎಂಬುದು ಅದರಲ್ಲೊಂದು ನಿಯಮ. ಕುದುರೆ ಅಂದರೆ ಆಗ ಶ್ರೀಮಂತಿಕೆಯ, ಯುದ್ಧದ ಗುರುತು. ಆದರೆ ಕಾಯಿಲೆ ಇದ್ದವರಿಗೆ, ಬೇರೆ ದಾರಿಯೇ ಇಲ್ಲದವರಿಗೆ ಅದೇ ನಿಯಮದಲ್ಲಿ ವಿನಾಯಿತಿಯೂ ಇತ್ತು. ಪ್ರಾಣಿಗಳ ಮೇಲೂ ಅವರಿಗೆ ಅಷ್ಟೇ ಕರುಣೆ. ಕ್ರಿಸ್ತಜಯಂತಿಯ ರಾತ್ರಿ ಹಟ್ಟಿಯ ಎತ್ತು, ಕತ್ತೆಗಳಿಗೆ ಹೊಟ್ಟೆ ತುಂಬ ಮೇವು ಹಾಕಬೇಕೆಂಬುದು ಅವರ ಆಸೆಯಾಗಿತ್ತು.

ಈ ಕರುಣೆಯನ್ನು ತಮ್ಮ ದೇಹಕ್ಕೆ ಮಾತ್ರ ಅವರು ತೋರಲಿಲ್ಲ. ತಮ್ಮ ದೇಹವನ್ನು ಕತ್ತೆಯಣ್ಣನೆಂದು ಕರೆದು, ಹೊರೆ ಹೊರಿಸಿ, ಅರೆಹೊಟ್ಟೆಯಲ್ಲಿ ದುಡಿಸಿದರು. 1219ರಲ್ಲಿ ಈಜಿಪ್ಟಿಗೆ ಹೋಗಿ ಸುಲ್ತಾನನನ್ನು ಕಂಡರು. ಅಲ್ಲಿಂದ ಮರಳುವಾಗ ಕಣ್ಣುಬೇನೆ ಹತ್ತಿಕೊಂಡಿತ್ತು. ಹೊಟ್ಟೆಯ ಬಾಧೆ, ಜ್ವರ ಬೇರೆ. ಸಹೋದರರು ಎಷ್ಟು ಬೇಡಿಕೊಂಡರೂ ಚಿಕಿತ್ಸೆಯನ್ನು ಮುಂದೂಡುತ್ತಲೇ ಹೋದರು.

1224ರ ಸೆಪ್ಟೆಂಬರಿನಲ್ಲಿ ಲಾ ವೆರ್ನಾ ಬೆಟ್ಟದ ಮೇಲೆ ಪ್ರಾರ್ಥಿಸುತ್ತಿದ್ದಾಗ ಯೇಸುಸ್ವಾಮಿಯ ಪಂಚಗಾಯಗಳು ಅವರ ದೇಹದಲ್ಲಿ ಮೂಡಿದವು. ಗಾಯವಾದ ಪಾದಗಳನ್ನು ನೆಲಕ್ಕೆ ಊರಲಾಗುತ್ತಿರಲಿಲ್ಲ. ಬರಿಗಾಲಲ್ಲಿ ದೇಶ ಸುತ್ತಿದವರು ಈಗ ಕತ್ತೆಯ ಮೇಲೆ ಕೂತು ಊರೂರಿಗೆ ಹೋಗಿ ಶುಭಸಂದೇಶ ಸಾರಿದರು. ಸಹೋದರ ಲಿಯೋ ಗಾಯದ ಬಟ್ಟೆ ಬದಲಿಸುತ್ತಿದ್ದರು. ಕ್ಲಾರಮ್ಮನವರು ಆ ಪಾದಗಳಿಗಾಗಿ ಮೆತ್ತನೆಯ ಪಾದರಕ್ಷೆ ಹೊಲಿದುಕೊಟ್ಟರೆಂದು ಹಿಂದಿನವರು ಹೇಳುತ್ತಾರೆ. ಬಡವರ ಸೇವೆ ಮಾಡಿದವರು ಈಗ ಇತರರ ಸೇವೆಯನ್ನು ಸ್ವೀಕರಿಸಲು ಕಲಿಯಬೇಕಾಯಿತು. ಅದು ಅವರಿಗೆ ಸುಲಭವಾಗಿರಲಿಲ್ಲ.

ಬೆಳಕನ್ನು ಸಹಿಸದ ಕಣ್ಣುಗಳಿಂದ ಸಂತ ದಾಮಿಯಾನದಲ್ಲಿ ಮಲಗಿದ್ದಾಗಲೇ ಅವರು ಸೂರ್ಯನನ್ನು ಅಣ್ಣನೆಂದು ಕರೆದು ದೇವರನ್ನು ಸ್ತುತಿಸುವ ಗೀತೆಯನ್ನು ರಚಿಸಿದರು. ಆಮೇಲೆ ವೈದ್ಯರು ಕಾದ ಕಬ್ಬಿಣದಿಂದ ಅವರ ಕಿವಿಯ ಬಳಿಯಿಂದ ಹುಬ್ಬಿನವರೆಗೆ ಬರೆ ಹಾಕಿದರು. ಗುಣ ಕಾಣಲಿಲ್ಲ.

ಅದೇ ದಿನಗಳಲ್ಲಿ ಒಬ್ಬ ಸಹೋದರ ಅವರಿಗೆ ಒಂದು ವಿಷಯ ತಿಳಿಹೇಳಿದರು. ಈ ದೇಹ ಇಷ್ಟು ವರ್ಷ ತಪ್ಪದೆ ವಿಧೇಯವಾಗಿ ದುಡಿದಿರುವಾಗ, ಅದರ ಕಷ್ಟಕಾಲದಲ್ಲಿ ಅದನ್ನು ಕೈಬಿಡುವುದು ನ್ಯಾಯವಲ್ಲ ಎಂದು ನೆನಪಿಸಿದರು. ಫ್ರಾನ್ಸಿಸರು ಒಪ್ಪಿಕೊಂಡರು. ತಮ್ಮ ದೇಹದೊಡನೆ ಅಣ್ಣನೊಡನೆ ಎಂಬಂತೆ ಮಾತಾಡಿ, ಇನ್ನು ಮುಂದೆ ಅದಕ್ಕೆ ಬೇಕಾದುದನ್ನು ಕೊಡುವುದಾಗಿ ಹೇಳಿದರು. ಆ ದೇಹಕ್ಕೆ ತಾವು ತಪ್ಪು ಮಾಡಿದೆವೆಂದು ಸಾಯುವ ಮುಂಚೆ ಒಪ್ಪಿಕೊಂಡರು. 1226ರ ಅಕ್ಟೋಬರ್ 3ರ ಸಂಜೆ, ಸುಮಾರು 44ನೆಯ ವಯಸ್ಸಿನಲ್ಲಿ, ಬರಿನೆಲದ ಮೇಲೆ ಮಲಗಿ ದೈವಾಧೀನರಾದರು. ಎರಡು ವರ್ಷದೊಳಗೆ, 1228ರ ಜುಲೈ 16ರಂದು, ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಪ್ರಿಯರೇ, ನಮ್ಮ ಕಾಸರಗೋಡಿನಲ್ಲಿ ಕುದುರೆ, ಕತ್ತೆ ಸಾಕುವವರು ವಿರಳ. ಆದರೆ ಹಟ್ಟಿಯಲ್ಲಿ ಒಂದೆರಡು ಗಿಡ್ಡ ದನಗಳು, ಒಳಕೋಣೆಯಲ್ಲಿ ಹಾಸಿಗೆ ಹಿಡಿದವರೊಬ್ಬರು ಇರುವ ಮನೆಗಳನ್ನು ನಾವೆಲ್ಲ ಬಲ್ಲೆವು. ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಊರುಗಳಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಎತ್ತಿ ಆಡಿಸಿ ಉಣ್ಣಿಸಿದ ತಾಯಂದಿರಿದ್ದಾರೆ. ಬೆಳಗ್ಗೆ ದನಕ್ಕೆ ಅಕ್ಕಚ್ಚು, ಆಮೇಲೆ ರೋಗಿಗೆ ಗಂಜಿ, ಕೊನೆಗೆ ಉಳಿದರೆ ತನಗೆ. ತನ್ನ ಮಂಡಿನೋವು, ತನ್ನ ಎದೆನೋವು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಕೊಂಕಣಿಯಾಗಲಿ, ಕನ್ನಡವಾಗಲಿ, ಮಲಯಾಳವಾಗಲಿ, ಹೇಳದೆ ಉಳಿಯುವ ನೋವು ಒಂದೇ.

ಅಂಥವರಿಗೆ ನಾವು ತ್ಯಾಗವನ್ನು ಬೋಧಿಸಬೇಕಾಗಿಲ್ಲ. ಅದು ಅವರಲ್ಲಿ ಬೇಕಾದಷ್ಟಿದೆ. ಹಟ್ಟಿಯ ದನ ಮೇವು ಬಿಟ್ಟರೆ ಆ ದಿನವೇ ಡಾಕ್ಟರನ್ನು ಕರೆಯುವ ನಾವು, ದೇವರು ನಮಗೆ ಒಪ್ಪಿಸಿದ ಈ ದೇಹದ ವಿಷಯದಲ್ಲಿ ಯಾಕೆ ಕಾಯುತ್ತೇವೆ? ಫ್ರಾನ್ಸಿಸರು ತಡವಾಗಿ ಕಲಿತುದನ್ನು ನಾವು ಬೇಗ ಕಲಿಯೋಣ. ಈ ಹಬ್ಬದ ವಾರದಲ್ಲಿ ನಮ್ಮ ವಾಳೆಯ ಅಂಥ ಒಂದು ಮನೆಗೆ ಹೋಗೋಣ. ಒಂದು ಹೊತ್ತು ರೋಗಿಯ ಬಳಿ ನಾವು ಕೂತು, ನೋಡಿಕೊಳ್ಳುವವರನ್ನು ಆಸ್ಪತ್ರೆಗೆ ಕಳುಹಿಸೋಣ; ಇಲ್ಲವೇ ಸುಮ್ಮನೆ ನಿದ್ದೆ ಮಾಡಲು ಬಿಡೋಣ. ಸಂತ ಫ್ರಾನ್ಸಿಸರು ರೋಗಿಗಳಿಗಾಗಿಯೂ ಅವರನ್ನು ನೋಡಿಕೊಳ್ಳುವವರಿಗಾಗಿಯೂ ಪ್ರಾರ್ಥಿಸಲಿ.